ಕೊನೆಗೌಡರು ಬಂದ ದಿನ

ಸಿದ್ದಾಪುರ ತಾಲೂಕಿನ ಈ ಊರಿಗೆ ನಾವು ಬಂದಿದ್ದು ನೆಮ್ಮದಿ ಹುಡುಕಿಕೊಂಡು. ವೈಟ್‌ಫೀಲ್ಡಿನ ಟ್ರಾಫಿಕ್ಕು, ಅಪರಾತ್ರಿಯ ಮೀಟಿಂಗುಗಳ ನಡುವೆ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದವಳಿಗೆ ಹಳ್ಳಿಯ ಗುಂಗು ಹತ್ತಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದದ್ದರಿಂದ ಕೃಷಿಕರಲ್ಲದ ನಮಗೂ ಜಮೀನು ಕೊಳ್ಳಲು ಅಡ್ಡಿಯಿರಲಿಲ್ಲ. ಹಳೇ ಹೆಂಚಿನ ಮನೆ, ಅದರ ಕೆಳಗೆ ಒಂದಿಷ್ಟು ಅಡಿಕೆ ತೋಟ. ಬೆಳಗಿನ ಧ್ಯಾನಕ್ಕೆ ಜಗಲಿ.

ಮೇ ತಿಂಗಳ ಕೊನೆಗೆ ಊರೆಲ್ಲ ಒಂದೇ ಮಾತು: ಮಳೆ ಹಿಡಿಯುವ ಮುಂಚೆ ಕೊಳೆ ಔಷಧಿ ಹೊಡೆಯಬೇಕು. ತಪ್ಪಿದರೆ ಎಳೆಗಾಯಿ ಕೊಳೆತು ಉದುರುತ್ತದೆ. ಮರ ಹತ್ತುವ ಕೊನೆಗೌಡರು ಊರಿಗೆಲ್ಲ ಇಬ್ಬರೋ ಮೂವರೋ. ಫೋನ್ ಮಾಡಿದಾಗಲೆಲ್ಲ "ನಾಳೆ ನೋಡೋಣ ತಡೀರಿ" ಎಂಬ ಉತ್ತರ. ಒಂದು ಬೆಳಿಗ್ಗೆ ಕಣ್ಣು ಮುಚ್ಚಿ ಕೂತಿದ್ದೇನೆ, ಅಂಗಳದಿಂದ ದನಿ: "ಔಷಧಿ ರೆಡಿಯಾ ಅಮ್ಮಾ?"

ರೆಡಿ ಇರಲಿಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಕಲಕಿದ್ದು ನಾನು. ಪಕ್ಕದ ಮನೆಯ ಅಜ್ಜಿ ಬಂದು ಕತ್ತಿಯ ಅಲಗು ಅದ್ದಿ ತೆಗೆದು, ಅದರ ಮೇಲೆ ಕೆಂಪಗೆ ಕೂತಿದ್ದನ್ನು ತೋರಿಸಿದರು. "ಸುಣ್ಣ ಸಾಲಲಿಲ್ಲ ತಂಗೀ. ಹೀಗೇ ಹೊಡೆದರೆ ಕಾಯಿ ಸುಟ್ಟು ಹೋಗ್ತು."

ಕೊನೆಗೌಡರು ಒಂದು ಮರ ಹತ್ತಿದರೆ ಇಳಿಯುವುದೇ ಇಲ್ಲ, ತುದಿಯಲ್ಲೇ ಮರ ಬಗ್ಗಿಸಿ ಪಕ್ಕದ್ದಕ್ಕೆ ದಾಟುತ್ತಾರೆ. ನಾನು ಕೆಳಗೆ ಪೈಪು ಹಿಡಿಯುವವಳು. ಪೈಪು ಎಲ್ಲಾದರೂ ಸಿಕ್ಕಿಕೊಂಡರೆ ಮೇಲಿರುವವರ ಜೋಲಿ ತಪ್ಪುತ್ತದೆ, ಹಾಗಾಗಿ ಗಮನ ಅತ್ತಿತ್ತ ಹೋಗುವಂತಿರಲಿಲ್ಲ. ಇದೇ ನಿಜವಾದ ಧ್ಯಾನ ಎಂದು ಬರೆದು ಬೆಂಗಳೂರಿನ ಗೆಳತಿಯರಿಗೆ ಕಳಿಸಬಹುದಿತ್ತು, ಅವರು ಅಂಥದ್ದನ್ನೇ ಕಾಯುತ್ತಿರುತ್ತಾರೆ. ಆದರೆ ತಲೆ ಮೇಲೆ ನೀಲಿ ಹನಿ ಸುರಿಯುವಾಗ ನನಗೆ ಕುತ್ತಿಗೆ ನೋವು ಬಿಟ್ಟರೆ ಬೇರೇನೂ ಅನುಭವಕ್ಕೆ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು.

"ನೀವು ಬೆಂಗಳೂರು ಬೇಜಾರಾಗಿ ಇಲ್ಲಿಗೆ ಬಂದ್ರಿ. ನನ್ನ ಮಗ ಮರ ಹತ್ತೋದು ಬೇಜಾರಾಗಿ ಅಲ್ಲಿಗೆ ಹೋದ. ಬೈಕಲ್ಲಿ ಊಟ ಹಂಚ್ತಾನೆ."

"ಅಲ್ಲಿ ಖುಷಿಯಾಗಿದಾನಾ?"

"ಜಾರಿ ಬೀಳೋ ಹೆದರಿಕೆ ಇಲ್ವಲ್ಲ. ಅವನಿದ್ದಿದ್ರೆ ನಿಮ್ಮ ತೋಟಕ್ಕೆ ಹೋದ ವಾರವೇ ಬರ್ತಿದ್ದೆ."

ಬೆಂಗಳೂರಿನ ಮಳೆಯಲ್ಲಿ ಬೈಕ್ ಓಡಿಸುವುದರ ಬಗ್ಗೆ ನನಗೆ ಹೇಳಲಿಕ್ಕಿತ್ತು. ಹೇಳಲಿಲ್ಲ.

ಹೊರಡುವಾಗ ಕೂಲಿ ಎಣಿಸಿಕೊಂಡು ಕೇಳಿದರು, "ನೀವು ಮೊದಲಿದ್ದ ಕಂಪನೀಲಿ ಅವನಿಗೊಂದು ಕೆಲಸ ಹೇಳ್ತೀರಾ?" ಬಯೋಡೇಟಾ ವಾಟ್ಸಾಪ್ ಮಾಡಲು ಹೇಳಿದೆ. ಜುಲೈಯಲ್ಲಿ ಎರಡನೇ ಔಷಧಿ ಹೊಡೆಯಬೇಕು, ಅಷ್ಟರೊಳಗೆ ಹಳೇ ಮ್ಯಾನೇಜರಿಗೆ ಒಂದು ಮಾತು ಹಾಕಿಬಿಡಬೇಕು.