ಹರ್ಮಿಟ್: ಕಾಕಂಬಿ, ಒಣದ್ರಾಕ್ಷಿಯ ಮೆತ್ತನೆ ಬಾರ್

ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆಯ ಹರ್ಮಿಟ್, ಅಂದರೆ ಪಟ್ಟಿಯಾಗಿ ಬೇಯಿಸಿ ಕತ್ತರಿಸುವ ಮಸಾಲೆ ಕುಕಿ, ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಓವನ್‌ನಲ್ಲಿ ಎರಡು ಮೂರು ನಿಮಿಷ ಜಾಸ್ತಿ ಉಳಿದಿರುತ್ತದೆ. ಬಿಸ್ಕತ್ತಿನ ಹಾಗೆ ಗರಿಗರಿಯಾದರೆ ಅದು ಹರ್ಮಿಟ್ ಅಲ್ಲ.

ಮೆತ್ತನೆ ಗುಣ ಬರುವುದು ಮೊಲಾಸಸ್‌ನಿಂದ, ಅಂದರೆ ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವಾದ ಕಾಕಂಬಿಯಿಂದ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ದುಡಿದ ಕಬ್ಬಿನ ತೋಟಗಳಿಂದ ಅದು ಪೀಪಾಯಿಗಟ್ಟಲೆ ನ್ಯೂ ಇಂಗ್ಲೆಂಡಿಗೆ ಬರುತ್ತಿತ್ತು. ಬಹಳಷ್ಟು ರಮ್ ಬಟ್ಟಿಗೆ ಹೋಗುತ್ತಿತ್ತು, ಸಕ್ಕರೆಗಿಂತ ಅಗ್ಗವಾದ್ದರಿಂದ ಅಡುಗೆಮನೆಗೂ ಬಂತು. ನಮ್ಮ ಸಕ್ಕರೆ ಕಾರ್ಖಾನೆಗಳ ಕಾಕಂಬಿಯನ್ನು ಮಾತ್ರ ಇದಕ್ಕೆ ಬಳಸಬೇಡಿ, ಅದು ತಿನ್ನಲು ತಯಾರಾದದ್ದಲ್ಲ. ಮಲೆನಾಡಿನ ಜೋನಿ ಬೆಲ್ಲ ಚೆನ್ನಾಗಿ ಹೊಂದುತ್ತದೆ. ಆದರೆ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಉಬ್ಬಲು ಹುಳಿ ಬೇಕು, ಜೋನಿಯಲ್ಲಿ ಅದು ಸಾಲದಿರಬಹುದು; ಹಾಗಾಗಿ ಒಂದು ಟೀ ಚಮಚ ನಿಂಬೆರಸ ಸೇರಿಸಿ, ಇಲ್ಲವಾದರೆ ಸಾಬೂನಿನ ರುಚಿ ಉಳಿಯಬಹುದು. ಜೋನಿ ನೀರಾಗಿದ್ದರೆ ಕಾಯಿಸಿ ಗಟ್ಟಿಮಾಡಿ, ಆರಿಸಿ.

ಒಣದ್ರಾಕ್ಷಿ ವಿಜಯಪುರದ್ದೇ ಆಗಬಹುದು. ಅಲ್ಲಿ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಚಪ್ಪರದಡಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ನೀರು ಬೇಗ ಹೋಗುತ್ತದೆ, ಹಸಿರು ಛಾಯೆಯೂ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ್ದು ಬಿಸಿಲಿಗೆ ಒಣಗಿ ಕಪ್ಪಾಗಿ, ಹೆಚ್ಚು ಕ್ಯಾರಮೆಲ್ ರುಚಿ ಕೊಡುತ್ತದೆ. ಯಾವುದೇ ಇರಲಿ, 120 ಗ್ರಾಂ ತೆಗೆದುಕೊಂಡು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ಬಟ್ಟೆಯಲ್ಲಿ ಒರೆಸಿ. ಒಣಗಿದ್ದನ್ನೇ ಹಾಕಿದರೆ ಅದು ಸುತ್ತಲಿನ ತೇವ ಹೀರಿ ಬಾರ್ ಪುಡಿಪುಡಿಯಾಗುತ್ತದೆ.

85 ಗ್ರಾಂ ಮೆತ್ತಗಾದ ಬೆಣ್ಣೆ, 110 ಗ್ರಾಂ ಕಂದು ಸಕ್ಕರೆ ಕಡೆದು, ಒಂದು ಮೊಟ್ಟೆ, ಕಾಲು ಕಪ್ ಜೋನಿ, ನಿಂಬೆರಸ ಸೇರಿಸಿ. 200 ಗ್ರಾಂ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಒಂದು ಟೀ ಚಮಚ ಚಕ್ಕೆ ಪುಡಿ, ಅರ್ಧ ಟೀ ಚಮಚ ಒಣಶುಂಠಿ ಪುಡಿ, ಕಾಲು ಟೀ ಚಮಚ ಲವಂಗದ ಪುಡಿ ಹಾಕಿ. ಜಾಯಿಕಾಯಿ ಕಾಲು ಟೀ ಚಮಚ, ಆಗಷ್ಟೇ ತುರಿದದ್ದು. ಲವಂಗ ಜಾಸ್ತಿಯಾದರೆ ಹಲ್ಲುನೋವಿನ ಔಷಧಿಯೇ ಸರಿ. ಕೊನೆಗೆ ದ್ರಾಕ್ಷಿ ಬೆರೆಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಇಲ್ಲವಾದರೆ ಅಂಟುತ್ತದೆ, ಹರಡಿಕೊಳ್ಳುತ್ತದೆ.

ಒದ್ದೆ ಕೈಯಲ್ಲಿ ಐದು ಸೆಂ.ಮೀ. ಅಗಲದ ಎರಡು ಉದ್ದ ಪಟ್ಟಿ ಮಾಡಿ, ನಡುವೆ ಹತ್ತು ಸೆಂ.ಮೀ. ಬಿಟ್ಟು ಬಟರ್ ಪೇಪರ್ ಮೇಲಿಡಿ. ಹೊರಗೆ ಕಾಣುವ ದ್ರಾಕ್ಷಿಯನ್ನು ಒಳಗೆ ಒತ್ತಿ, ಮೇಲಿದ್ದರೆ ಸುಟ್ಟು ಕಹಿಯಾಗುತ್ತದೆ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ. ಹಿಟ್ಟೇ ಕಂದು ಬಣ್ಣದ್ದಾದ್ದರಿಂದ ಬಣ್ಣ ನೋಡಿ ತೀರ್ಮಾನಿಸಬೇಡಿ. ಅಂಚು ಗಟ್ಟಿಯಾಗಿ, ನಡುವೆ ಬೆರಳಿಟ್ಟರೆ ಇನ್ನೂ ಕುಗ್ಗುವಾಗಲೇ ಹೊರತೆಗೆಯಿರಿ. ಟ್ರೇಯ ಬಿಸಿಯಲ್ಲಿ ಉಳಿದದ್ದು ಬೇಯುತ್ತದೆ. ಹತ್ತು ನಿಮಿಷ ಬಿಟ್ಟು, ಉಗುರುಬೆಚ್ಚಗಿರುವಾಗ ಕತ್ತರಿಸಿ, ಆರಿದ ಮೇಲೆ ಡಬ್ಬಿಗೆ ಹಾಕಿ. ಮಸಾಲೆ ಹದವಾಗಿ ಇಳಿಯುವುದು ಮಾರನೇ ದಿನ.