ಪಿಯೇರ್ ಜೆಲ್ಯೋತ್‌ನ ದನಿ

ಈ ವಾರ ಬಿಡುವಾದಾಗೆಲ್ಲ ಹದಿನೆಂಟನೇ ಶತಮಾನದ ಫ್ರೆಂಚ್ ಸಂಗೀತಕಾರ ರಾಮೋನ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) 'ಪ್ಲಾತೇ' ಹಾಕ್ಕೊಂಡು ಕೂರುತ್ತಿದ್ದೇನೆ. ಕೇಳಿದಷ್ಟೂ ಅದನ್ನು ಮೊದಲು ಹಾಡಿದ ಗಾಯಕ ಪಿಯೇರ್ ಜೆಲ್ಯೋತ್ ನೆನಪಾಗುತ್ತಾನೆ. ಅವನ ದನಿಯನ್ನು ಈಗ ಯಾರೂ ಕೇಳಲಾರರು. ಹುಟ್ಟಿದ್ದು 1713ರಲ್ಲಿ, ಫ್ರಾನ್ಸಿನ ದಕ್ಷಿಣದ ಬೆಯಾರ್ನ್ ಸೀಮೆಯಲ್ಲಿ. ಇಪ್ಪತ್ತರ ಹರೆಯದಲ್ಲೇ ಪ್ಯಾರಿಸ್ ಆಪೆರಾ ಅನ್ನೋ ಸಂಸ್ಥೆ ಸೇರಿದ.

ಆಗ ಇಟಲಿಯ ಆಪೆರಾದಲ್ಲಿ ನಾಯಕನ ಪಾತ್ರ ಹೆಚ್ಚಾಗಿ ಬಾಲ್ಯದಲ್ಲೇ ಬೀಜ ತೆಗೆಸಿಕೊಂಡ ಗಾಯಕರಿಗೆ ಹೋಗುತ್ತಿತ್ತು. ಫ್ರೆಂಚರು ಅದನ್ನು ಒಪ್ಪಲಿಲ್ಲ. ಸಹಜವಾಗಿಯೇ ಮೇಲಿನ ಸ್ಥಾಯಿಗೆ ಏರುವ ಗಂಡುದನಿ ಅವರಿಗೆ ಬೇಕಿತ್ತು. ಅದಕ್ಕೆ 'ಓತ್ ಕೋಂತ್ರ್' ಅನ್ನುತ್ತಾರೆ. ಆ ಕಾಲಕ್ಕೆ ಜೆಲ್ಯೋತ್ ಅದರಲ್ಲಿ ಎಲ್ಲರಿಗಿಂತ ಮುಂದೆ.

1745ರಲ್ಲಿ ವರ್ಸೈ ಅರಮನೆಯಲ್ಲಿ ಯುವರಾಜನ ಮದುವೆ. ಅಲ್ಲಿ ಜೆಲ್ಯೋತ್ ಹೆಂಗಸಿನ ವೇಷ ಹಾಕಿ ಪ್ಲಾತೇ ಆದ. ಅವಳು ಜೌಗಿನಲ್ಲಿರುವ ಕುರೂಪಿ ಅಪ್ಸರೆ. ದೇವತೆಗಳ ರಾಜನೇ ತನ್ನನ್ನು ಮೆಚ್ಚಿದ್ದಾನೆಂದು ನಂಬಿ ಎಲ್ಲರೆದುರು ನಗೆಪಾಟಲಾಗುತ್ತಾಳೆ. ವಾದ್ಯಗಳಲ್ಲೇ ಕಪ್ಪೆ ವಟಗುಟ್ಟುತ್ತೆ! ನನಗಂತೂ ನಗುವಿಗಿಂತ ಅವಳ ಮೇಲೆ ಕರುಣೆಯೇ ಜಾಸ್ತಿ. ಆ ವೇಷದಲ್ಲಿರುವ ಜೆಲ್ಯೋತ್‌ನನ್ನು ಚಿತ್ರಕಾರ ಕ್ವಾಪೆಲ್ ಬರೆದ ಚಿತ್ರ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ.

ಇನ್ನೊಂದು ಸಂಗತಿ ನನಗೆ ಇನ್ನೂ ಇಷ್ಟ. 1754ರಲ್ಲಿ ಮೋಂದೋನ್‌ವಿಲ್ ಅನ್ನೋ ಸಂಗೀತಕಾರ ಒಂದು ಆಪೆರಾವನ್ನು ಫ್ರೆಂಚಿನಲ್ಲಲ್ಲ, ದಕ್ಷಿಣದ ಆಕ್ಸಿಟನ್ ಭಾಷೆಯಲ್ಲಿ ಮಾಡಿದ. ಹಾಡಿದವರು ಜೆಲ್ಯೋತ್, ಮರಿ ಫೆಲ್, ಲತೂರ್. ಮೂವರೂ ಆ ಕಡೆಯವರೇ. ರಾಜನ ಆಸ್ಥಾನದಲ್ಲಿ ನಿಂತು ತಮ್ಮ ಮನೆಮಾತಲ್ಲಿ ಹಾಡೋದು ಅಂದ್ರೆ ಎಷ್ಟು ಖುಷಿಯಾಗಿರಬೇಕು, ಅಲ್ವಾ?

ಮರುವರ್ಷವೇ ಜೆಲ್ಯೋತ್ ಪ್ಯಾರಿಸ್ ಆಪೆರಾ ಬಿಟ್ಟ. ಆಮೇಲೂ ಆಸ್ಥಾನದಲ್ಲಿ ಹಾಡಿದ. ತೀರಿಕೊಂಡಿದ್ದು 1797ರಲ್ಲಿ, ತನ್ನ ಬೆಯಾರ್ನ್‌ನಲ್ಲೇ.