ಮಾರುತಿ 800 ಕೆಲಸ: ಬಿಸಿಲಿಗೆ ಬಂದ್ ಬೀಳುವ ರೋಗ

ಬಾಡಿ, ಬ್ರೇಕು, ಸೀಟು ಎಲ್ಲ ಮುಗಿದು 1992ರ ಮಾರುತಿ 800 ರಸ್ತೆಗೆ ಇಳಿದಿದೆ. ಆದರೆ ಏಪ್ರಿಲ್ ಶುರುವಾದ ಮೇಲೆ ಹೊಸ ತೊಂದರೆ ಕಾಣಿಸಿಕೊಂಡಿತು. ಬೆಳಿಗ್ಗೆ ಎಷ್ಟು ಓಡಿಸಿದರೂ ಏನೂ ಆಗುವುದಿಲ್ಲ. ಮಧ್ಯಾಹ್ನ ರಾಯಚೂರಿನಿಂದ ಶಕ್ತಿನಗರದ ಕಡೆ ಹೊರಟು, ಅಲ್ಲಿನ ವಿದ್ಯುತ್ ಸ್ಥಾವರದ ಬೂದಿ ಲಾರಿಗಳ ಹಿಂದೆ ನಿಧಾನಕ್ಕೆ ಹೋಗುವಾಗ ಎಂಜಿನ್ ಜರ್ಕ್ ಹೊಡೆದು ಬಂದ್ ಬೀಳುತ್ತದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಅರ್ಧ ಗಂಟೆ ಬಾನೆಟ್ ಎತ್ತಿ ನಿಲ್ಲಿಸಿದರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಚಾಲೂ ಆಗುತ್ತದೆ.

ನೋಡಿದವರೆಲ್ಲ ಹೇಳಿದ್ದು ಒಂದೇ, ಏರ್ ಲಾಕ್. ಅದಕ್ಕೆ ಕಾರಣವೂ ಇದೆ. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿ ಸುತ್ತಮುತ್ತಲೇ ಆವಿಯಾಗೋಕೆ ಶುರು ಮಾಡುತ್ತವೆ. ಆ ಆವಿ ಪಂಪು, ಪೈಪಿನಲ್ಲಿ ಸಿಕ್ಕಿಕೊಂಡರೆ ಪೆಟ್ರೋಲ್ ಮುಂದೆ ಹೋಗುವುದಿಲ್ಲ, ಅದನ್ನೇ ಏರ್ ಲಾಕ್ ಅನ್ನುತ್ತಾರೆ. ಈ ಗಾಡಿಯ ಪೆಟ್ರೋಲ್ ಪಂಪು ಎಂಜಿನ್ನಿಗೇ ಕೂತಿದೆ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗಿನ ಕಾವು ಕೇಳಲೇಬೇಡಿ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಇಲ್ಲಿ ಹಳೆಯ ರೂಢಿ, ಅದು ಕೆಲಸ ಮಾಡುವುದನ್ನು ನಾನೇ ನೋಡಿದ್ದೇನೆ.

ಆದರೂ ನನಗೆ ಸಮಾಧಾನ ಇರಲಿಲ್ಲ. ಆರಿದ ಮೇಲೆ ಚಾಲೂ ಆಗುವುದು ಪೆಟ್ರೋಲಿನ ತೊಂದರೆಗೂ ಒಪ್ಪುತ್ತದೆ, ಕರೆಂಟಿನ ತೊಂದರೆಗೂ ಒಪ್ಪುತ್ತದೆ. ಅಂದರೆ ಕಾದು ಚಾಲೂ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಗಾಡಿ ಗ್ಯಾರೇಜಿಗೆ ಹೋಗಿ ಮುಟ್ಟುವ ಹೊತ್ತಿಗೆ ರೋಗವೇ ಇರುವುದಿಲ್ಲ. ಹಿಡಿಯುವುದಾದರೆ ಅದು ಸತ್ತು ನಿಂತಿರುವ ಆ ಅರ್ಧ ಗಂಟೆಯಲ್ಲೇ ಹಿಡಿಯಬೇಕು.

ಹಾಗಾಗಿ ಡಿಕ್ಕಿಯಲ್ಲಿ ಒಂದು ಚೀಲ ಇಟ್ಟೆ. ಒಳ್ಳೆ ಸ್ಪಾರ್ಕ್ ಪ್ಲಗ್, ವೈರು ಕಟ್ಟಿದ ಪುಟ್ಟ 12 ವೋಲ್ಟ್ ಬಲ್ಬು, ಮಲ್ಟಿಮೀಟರ್, ಹೊಸ ಕಂಡೆನ್ಸರ್, ಕ್ಲಿಪ್ ಇರುವ ವೈರುಗಳು, ದಪ್ಪ ಕೈಗವಸು. ಪರಿಚಯದ ಮೇಸ್ತ್ರಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಸರಿಯಾಗಿ ಉರಿ ಬಿಸಿಲಲ್ಲಿ ಹೊರಟೆ. ದೇವಸೂಗೂರು ಇನ್ನೂ ದೂರ ಇರುವಾಗಲೇ ಗಾಡಿ ನಿಂತಿತು.

"ಆರಲಿ ಬಿಡ್ರಿ ಅಣ್ಣಾರ, ತಾನ ಚಾಲೂ ಆಗ್ತದ," ಅಂದರು ಮೇಸ್ತ್ರಿ.

"ಆರೂದ್ರೊಳಗ ನೋಡಬೇಕ್ರಿ ಮೇಸ್ತ್ರಿ, ಅದಕ್ಕ ಬಂದೀವಿ," ಅಂದೆ.

ಮೊದಲು ಪೆಟ್ರೋಲ್. ಇದರ ಕಾರ್ಬೋರೇಟರಿನ ಪಕ್ಕದಲ್ಲಿ ಸಣ್ಣ ಗಾಜಿನ ಕಿಂಡಿ ಇದೆ, ಒಳಗಿನ ಪೆಟ್ರೋಲ್ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ. ಮಟ್ಟ ಸರಿಯಾಗಿ ನಡುವಿನ ಗುರುತಿನಲ್ಲಿತ್ತು. ಏರ್ ಫಿಲ್ಟರ್ ಮುಚ್ಚಳ ತೆಗೆದು ಆಕ್ಸಿಲರೇಟರ್ ಕೇಬಲ್ ಎಳೆದರೆ ಒಳಗೆ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿತು. ಒಂದು ಪ್ಲಗ್ ಬಿಚ್ಚಿದೆವು, ತುದಿ ಒದ್ದೆ. ಪೆಟ್ರೋಲ್ ಸಿಲಿಂಡರ್ ತನಕ ಹೋಗಿದೆ, ಉರಿದಿಲ್ಲ ಅಷ್ಟೇ. ಪಂಪು, ಏರ್ ಲಾಕ್, ಟ್ಯಾಂಕ್ ಮುಚ್ಚಳದ ಗಾಳಿ ತೂತು, ಎಲ್ಲದರ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು.

ಬಿಚ್ಚಿದ ಪ್ಲಗ್ ವಾಪಸ್ ಹಾಕಿ, ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಬಿಟ್ಟು, ಆಮೇಲೆ ಕರೆಂಟ್ ನೋಡಿದೆವು. ಈ ಜಾಗದಲ್ಲಿ ಅವಸರ ಮಾಡಬೇಡಿ, ಕಿಡಿಯಿಂದ ಬೆಂಕಿ ಹತ್ತಬಹುದು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವೈರನ್ನು ಕಿತ್ತು, ಚೀಲದಲ್ಲಿದ್ದ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ ಮೈಯನ್ನು ಕ್ಲಿಪ್ಪಿನಿಂದ ಎಂಜಿನ್ನಿಗೆ ಅರ್ತ್ ಮಾಡಿದೆ. ಮೇಸ್ತ್ರಿ ಸೆಲ್ಫ್ ಹೊಡೆದರು. ಕಿಡಿ ಇಲ್ಲ. ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವುದು ಕಾಯಿಲ್. ಅದರಿಂದ ನೇರ ಬರುವ ವೈರಿನಲ್ಲೇ ಕಿಡಿ ಇಲ್ಲ ಅಂದ ಮೇಲೆ ಡಿಸ್ಟ್ರಿಬ್ಯೂಟರಿನ ರೋಟರ್, ಕ್ಯಾಪ್, ಪ್ಲಗ್ ವೈರುಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

ಉಳಿದಿದ್ದು ಕೀ, ಪಾಯಿಂಟ್, ಕಂಡೆನ್ಸರ್, ಕಾಯಿಲ್. ಪಾಯಿಂಟ್ ಅಂದರೆ ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು, ಅದು ಕಡಿದಾಗಲೇ ಕಿಡಿ ಹುಟ್ಟುವುದು. ಆ ಸ್ವಿಚ್ಚು ಸುಡದ ಹಾಗೆ ನೋಡಿಕೊಳ್ಳುವುದು ಕಂಡೆನ್ಸರ್. ಬಲ್ಬಿನ ಒಂದು ತುದಿ ಅರ್ತ್‌ಗೆ, ಇನ್ನೊಂದು ಕಾಯಿಲಿನ ಪ್ಲಸ್‌ಗೆ ಹಿಡಿದೆ. ಹತ್ತಿತು, ಅಂದರೆ ಕೀಯಿಂದ ಕರೆಂಟ್ ಬರುತ್ತಿದೆ. ಮೈನಸ್‌ಗೆ ಹಿಡಿದು ಸೆಲ್ಫ್ ಹೊಡೆಸಿದರೆ ಬಲ್ಬು ಮಿಣುಕಿತು, ಅಂದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಕಂಡೆನ್ಸರಿನ ವೈರು ಬಿಡಿಸಿ ಹೊಸದನ್ನು ಹೊರಗಿನಿಂದಲೇ ಕ್ಲಿಪ್ ಮಾಡಿದೆ. ಆಗಲೂ ಕಿಡಿ ಬರಲಿಲ್ಲ.

ಕಾಯಿಲ್ ಕೈಯಲ್ಲಿ ಮುಟ್ಟೋಕೆ ಆಗದಷ್ಟು ಸುಡುತ್ತಿತ್ತು. ಕೀ ಆಫ್ ಮಾಡಿ, ವೈರುಗಳನ್ನೆಲ್ಲ ಬಿಡಿಸಿ ಮೀಟರ್ ಇಟ್ಟೆ. ಪ್ಲಸ್ ಮೈನಸ್ ನಡುವೆ ಕರೆಂಟಿಗಿರುವ ತಡೆ 1.6 ಓಮ್. ನಡುವಿನ ದಪ್ಪ ವೈರು ಕೂರುವ ಜಾಗಕ್ಕೂ ಮೈನಸ್‌ಗೂ ನಡುವೆ ಮೀಟರ್ ಏನೂ ತೋರಿಸಲೇ ಇಲ್ಲ, ಸರ್ಕ್ಯೂಟ್ ಪೂರ್ತಿ ಕಡಿದಿತ್ತು. ಪಂಪಿಗೆ ಹಾಕುವ ಒದ್ದೆ ಬಟ್ಟೆಯನ್ನು ಈ ಸಲ ಕಾಯಿಲಿಗೆ ಮಾತ್ರ ಸುತ್ತಿದೆವು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಸುಮಾರು 9,000 ಓಮ್ ಬಂತು. ವೈರು ಸಿಕ್ಕಿಸಿ ಸೆಲ್ಫ್ ಹೊಡೆದರೆ ಎಂಜಿನ್ ತಕ್ಷಣ ಹಿಡಿಯಿತು. ಕಾಯಿಲಿನ ಒಳಗೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು ಇರುತ್ತವೆ. ಅದರಲ್ಲಿ ಎಲ್ಲೋ ಒಂದು ಕಡೆ ತುಂಡಾಗಿದೆ. ಬಿಸಿಗೆ ಹಿಗ್ಗಿದಾಗ ಬಿಡುತ್ತದೆ, ಆರಿದಾಗ ಮತ್ತೆ ಕೂಡುತ್ತದೆ.

ಇಲ್ಲಿಗೆ ಹೊಸ ಕಾಯಿಲ್ ಹಾಕಿ ಮುಗಿಸಬಹುದಿತ್ತು. ನನಗೆ ಆ 1.6 ಓಮ್ ತಲೆಯಲ್ಲೇ ಉಳಿಯಿತು, ಪಾಯಿಂಟ್ ಗಾಡಿಗೆ ನೇರ ಕೂಡಿಸುವ ಕಾಯಿಲಿಗೆ ಅದು ಕಡಿಮೆ. ಮನೆಗೆ ಬಂದು ಕಾಯಿಲಿನ ಮೈ ಒರೆಸಿ ನೋಡಿದರೆ, ಹೊರಗಡೆ ಕರೆಂಟ್ ತಗ್ಗಿಸುವ ರೆಸಿಸ್ಟರ್ ಇಟ್ಟೇ ಬಳಸಬೇಕು ಅಂತ ಅದರ ಮೇಲೆ ಅಚ್ಚಾಗಿದೆ. ನನ್ನ ಗಾಡಿಯ ವೈರಿಂಗಿನಲ್ಲಿ ಆ ರೆಸಿಸ್ಟರೇ ಇಲ್ಲ. ಹಿಂದೆ ಯಾರೋ ಸಿಕ್ಕ ಕಾಯಿಲನ್ನು ನೇರ ಕೂಡಿಸಿದ್ದಾರೆ.

ಲೆಕ್ಕ ಸುಲಭ. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಇರುತ್ತದೆ. ಪಾಯಿಂಟ್ ಮುಚ್ಚಿದ್ದಾಗ 1.6 ಓಮ್ ಕಾಯಿಲ್ 8 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. 3 ಓಮ್ ಕಾಯಿಲಾದರೆ 5 ಆಂಪಿಯರ್ ಒಳಗೇ ಇರುತ್ತದೆ. ಬಿಸಿಯೂ ಹೆಚ್ಚುಕಡಿಮೆ ಅರ್ಧ. ಪಾಯಿಂಟ್ ಬಿಚ್ಚಿ ನೋಡಿದರೆ ಅದರ ಮುಖವೂ ಸುಟ್ಟು ಗುಳಿ ಬಿದ್ದಿತ್ತು, ಅಷ್ಟು ಕರೆಂಟ್ ಅದರ ಮೂಲಕವೇ ಅಲ್ವಾ ಹೋಗಿದ್ದು. ಇನ್ನೊಂದು ವಿಷಯ, ಪಾಯಿಂಟ್ ಇರುವ ಹಳೆ ಗಾಡಿಯಲ್ಲಿ ಎಂಜಿನ್ ಬಂದ್ ಮಾಡಿ ಸುಮ್ನೆ ಕೀ ಆನ್ ಇಟ್ಟು ಹಾಡು ಕೇಳಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ ಸುಮ್ಮನೆ ಬೇಯುತ್ತಿರುತ್ತದೆ.

ತೀನ್ ಕಂದೀಲ್ ಕಡೆಯ ಅಂಗಡಿಯಲ್ಲಿ ಮೀಟರ್ ಇಟ್ಟು ಅಳೆದೇ 3 ಓಮ್ ಕಾಯಿಲ್ ತಂದೆ. ಅಂಗಡಿಯವರು ಬೇಜಾರು ಮಾಡಿಕೊಳ್ಳದೆ ಡಬ್ಬಿ ಮೇಲೆ ಡಬ್ಬಿ ತೆಗೆದು ಕೊಟ್ಟರು. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಗಳಿಗೆ ಕಡಿಮೆ ಓಮಿನ ಕಾಯಿಲೇ ಬೇಕಾಗಬಹುದು, ಅದಕ್ಕೆ ನನ್ನ ಅಳತೆ ನೋಡಿ ತರಬೇಡಿ. ಕಾಯಿಲ್ ಜೊತೆ ಪಾಯಿಂಟ್, ಕಂಡೆನ್ಸರ್ ಎರಡೂ ಹೊಸದು ಹಾಕಿ, ಪಾಯಿಂಟ್ ತೆರೆಯುವ ಗ್ಯಾಪ್ ಇಟ್ಟು, ಕಿಡಿ ಬೀಳುವ ಟೈಮಿಂಗ್ ಕೂಡಿಸಿದೆ.

ಆಮೇಲೆ ಅದೇ ರಸ್ತೆ, ಅದೇ ಮಧ್ಯಾಹ್ನದ ಹೊತ್ತು. ಕೃಷ್ಣಾ ಸೇತುವೆ ತನಕ ಹೋಗಿ, ಎಂಜಿನ್ ಬಂದ್ ಮಾಡದೆ ನಿಲ್ಲಿಸಿ, ಫ್ಯಾನ್ ತಿರುಗುವ ತನಕ ಬಿಸಿ ಮಾಡಿದೆ. ಎಲ್ಲೂ ನಿಲ್ಲಲಿಲ್ಲ. ಕಾಯಿಲ್ ಮೇಲೆ ಕೈ ಇಟ್ಟರೆ ಬೆಚ್ಚಗಿದೆ, ಕೈ ತೆಗೆಯಬೇಕು ಅನ್ನಿಸುವುದಿಲ್ಲ. ಮೇಸ್ತ್ರಿ ಈಗ ತಮ್ಮ ಗ್ಯಾರೇಜಿನಲ್ಲೂ ಒಂದು ಮಲ್ಟಿಮೀಟರ್ ಇಟ್ಟುಕೊಂಡಿದ್ದಾರೆ. ಪಂಪಿನಿಂದ ಕಾರ್ಬೋರೇಟರಿಗೆ ಹೋಗುವ ರಬ್ಬರ್ ಪೈಪು ಗಟ್ಟಿಯಾಗಿದೆ. ಈಗ ಬರುವ ಎಥನಾಲ್ ಬೆರೆಸಿದ ಪೆಟ್ರೋಲಿಗೆ ತಡೆಯುವ ಪೈಪು ಹಾಕಬೇಕು, ಮುಂದಿನ ಕೆಲಸ ಅದು.